ಕ್ಯಾನ್ವಾ: ಮೆಲನಿ ಪರ್ಕಿನ್ಸ್ ಕಟ್ಟಿದ ಉಪಕರಣ ಕನ್ನಡದ ಕೆಲಸಕ್ಕೆ ಎಷ್ಟು ಒದಗುತ್ತದೆ?

ಮದುವೆಯ ಆಮಂತ್ರಣ, ಶಾಲಾ ವಾರ್ಷಿಕೋತ್ಸವದ ಕರಪತ್ರ, ಅಂಗಡಿಯ ವಾಟ್ಸ್ಆ್ಯಪ್ ಪೋಸ್ಟರ್ ಮಾಡಲು ಆನ್‌ಲೈನ್ ವಿನ್ಯಾಸದ ಉಪಕರಣವಾದ ಕ್ಯಾನ್ವಾದ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಉದ್ದುದ್ದ ಲೇಖನಗಳಿರುವ ಸ್ಮರಣ ಸಂಚಿಕೆಗೆ ಮಾತ್ರ ಅದನ್ನು ನೆಚ್ಚಬೇಡಿ. ಈ ಎರಡು ಮಾತಿಗೂ ಕಾರಣ ಅದನ್ನು ಕಟ್ಟಿದ ಮೆಲನಿ ಪರ್ಕಿನ್ಸ್ ನಡೆದು ಬಂದ ಹಾದಿಯಲ್ಲೇ ಇದೆ.

1987ರಲ್ಲಿ ಹುಟ್ಟಿದ ಪರ್ಕಿನ್ಸ್ ಆಸ್ಟ್ರೇಲಿಯಾದ ಪರ್ತ್‌ನವರು. ಅಲ್ಲಿನ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಓದುತ್ತಲೇ ಉಳಿದ ವಿದ್ಯಾರ್ಥಿಗಳಿಗೆ ವಿನ್ಯಾಸದ ಸಾಫ್ಟ್‌ವೇರ್ ಹೇಳಿಕೊಡುತ್ತಿದ್ದರು. ಯಾವ ಗುಂಡಿ ಎಲ್ಲಿದೆ ಎಂದು ಕಲಿಯುವುದರಲ್ಲೇ ಆ ವಿದ್ಯಾರ್ಥಿಗಳ ಸಮಯವೆಲ್ಲ ಕಳೆದುಹೋಗುವುದನ್ನು ಕಂಡು, 2007ರಲ್ಲಿ ಕ್ಲಿಫ್ ಓಬ್ರೆಕ್ಟ್ ಜೊತೆ ಸೇರಿ ಫ್ಯೂಷನ್ ಬುಕ್ಸ್ ಶುರು ಮಾಡಿದರು. ಕಚೇರಿ ಎಂದರೆ ತಾಯಿಯ ಮನೆಯ ಹಜಾರ. ಶಾಲೆಗಳು ತಮ್ಮ ವಾರ್ಷಿಕ ಸಂಚಿಕೆಯನ್ನು ಬ್ರೌಸರ್‌ನಲ್ಲೇ ಜೋಡಿಸಬೇಕು, ಮುದ್ರಿಸಿ ತಲುಪಿಸುವ ಹೊಣೆ ಕಂಪನಿಯದು. ಇಂದಿನ ಕ್ಯಾನ್ವಾದ ಮುಖ್ಯ ಗುಣಗಳೆಲ್ಲ ಅಲ್ಲಿಂದಲೇ ಬಂದವು: ಸಿದ್ಧ ಟೆಂಪ್ಲೇಟು, ಎಳೆದು ಕೂರಿಸುವ ಚಿತ್ರ, ಒಂದೇ ಕಡತದಲ್ಲಿ ಹಲವರ ಕೆಲಸ.

ಇದನ್ನು ಎಲ್ಲ ಬಗೆಯ ವಿನ್ಯಾಸಕ್ಕೂ ಹಬ್ಬಿಸುವ ಯೋಚನೆಗೆ ನೂರಕ್ಕೂ ಹೆಚ್ಚು ಹೂಡಿಕೆದಾರರು ಬೇಡ ಎಂದರು. ಗೂಗಲ್ ಮ್ಯಾಪ್ಸ್ ಕಟ್ಟಿದವರಲ್ಲಿ ಒಬ್ಬರಾದ ಲಾರ್ಸ್ ರಾಸ್ಮುಸೆನ್ ಸಲಹೆಗಾರರಾಗಿ ನಿಂತರು. ಅವರು ಇಟ್ಟ ಮಟ್ಟಕ್ಕೆ ಏರುವ ಎಂಜಿನಿಯರ್ ಸಿಗುವವರೆಗೆ ಪರ್ಕಿನ್ಸ್ ಕಾದರು, ಅವಸರಕ್ಕೆ ಯಾರನ್ನೋ ಸೇರಿಸಿಕೊಳ್ಳಲಿಲ್ಲ. ಅವರ ವೃತ್ತಿಯಲ್ಲಿ ನಾವು ಅತಿ ಹೆಚ್ಚು ಮೆಚ್ಚುವುದು ಈ ತಾಳ್ಮೆಯನ್ನೇ. ಹಿಂದೆ ಗೂಗಲ್‌ನಲ್ಲಿ ಕೆಲಸ ಮಾಡಿದ್ದ ಕ್ಯಾಮರಾನ್ ಆ್ಯಡಮ್ಸ್ ಮೂರನೆಯ ಸಹಸ್ಥಾಪಕರಾದರು. 2013ರಲ್ಲಿ ಕ್ಯಾನ್ವಾ ಜನರ ಕೈಗೆ ಬಂತು.

ಇನ್ನು ಕನ್ನಡದ ಕೆಲಸ. ಮೊದಲ ತೊಡಕು ಪಠ್ಯದ್ದು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಾದದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆ ಪಠ್ಯದ ಒಳಗಿರುವುದು ನಿಜಕ್ಕೂ ಲ್ಯಾಟಿನ್ ಸಂಕೇತಗಳೇ, ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್ ಮಾತ್ರ. ಮೊದಲು ಕನ್ನಡಕ್ಕೆ ಅದರದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಪೂರ್ತಿ ಓದಿ, ಆಮೇಲೆ ಅಂಟಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಅಂಕಿಗಳು ಕೆಡುವುದುಂಟು.

ಎರಡನೆಯದು ಫಾಂಟ್. ಚಂದದ ಟೆಂಪ್ಲೇಟಿನ ಶೀರ್ಷಿಕೆಯ ಮೇಲೆ ಕನ್ನಡ ಟೈಪಿಸಿದಾಗ, ಪಟ್ಟಿಯಲ್ಲಿ ಹಳೆಯ ಫಾಂಟ್ ಹೆಸರೇ ಇದ್ದರೂ ಅಕ್ಷರಗಳು ಬೇರೆಯೇ ಬಂದಿರುತ್ತವೆ. ಆ ಫಾಂಟ್‌ನಲ್ಲಿ ಕನ್ನಡ ಇಲ್ಲದ್ದರಿಂದ ಕ್ಯಾನ್ವಾ ಬದಲಿ ಅಕ್ಷರ ಹಾಕಿರುತ್ತದೆ. ಆದ್ದರಿಂದ ನೋಟೊ ಸ್ಯಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡದಂಥದ್ದನ್ನು ನೀವೇ ಆರಿಸಿ. ರಾಷ್ಟ್ರೀಯ, ಸೂರ್ಯ, ಕೃಷ್ಣ, ಲಕ್ಷ್ಮೀ ಎಂದು ಟೈಪಿಸಿ ನೋಡಿ. ಈ ನಾಲ್ಕು ಸರಿ ಬಂದರೆ ಉಳಿದವೂ ಹೆಚ್ಚುಕಡಿಮೆ ಸರಿ ಬರುತ್ತವೆ. ಸ್ವಂತ ಫಾಂಟ್ ಏರಿಸುವ ಸೌಲಭ್ಯ ಹಣ ಕಟ್ಟುವ ಪ್ರೊ ಆವೃತ್ತಿಯಲ್ಲಿದೆ. ಗೂಗಲ್ ಫಾಂಟ್ಸ್‌ನ ಬಲೂ ತಮ್ಮ, ಅನೇಕ್ ಕನ್ನಡ ಮುಕ್ತ ಪರವಾನಗಿಯವು, ನಿಶ್ಚಿಂತೆಯಿಂದ ಏರಿಸಬಹುದು.

ಟೆಂಪ್ಲೇಟುಗಳನ್ನು ಅಳತೆ ಮಾಡಿರುವುದು ಇಂಗ್ಲಿಷಿಗೆ. ಅಕ್ಷರಗಳ ನಡುವಿನ ಅಂತರ 100, 200 ಎಂದಿದ್ದರೆ 0 ಮಾಡಿ. ಸಾಲುಗಳ ಅಂತರವನ್ನು 1.4ರಿಂದ 1.5ಕ್ಕೆ ಏರಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಾಗಿಸುವ ಕರ್ವ್ ಎಫೆಕ್ಟ್ ಕನ್ನಡಕ್ಕೆ ಬೇಡ. ಅದು ಅಕ್ಷರಗಳನ್ನು ಬಿಡಿಬಿಡಿಯಾಗಿ ತಿರುಗಿಸುವುದರಿಂದ ಒತ್ತುಗಳು ಕಳಚಿಕೊಳ್ಳುವ ಅಪಾಯವಿದೆ.

ಹೆಚ್ಚು ಹಣ ಹಾಳಾಗುವುದು ಮುದ್ರಣದಲ್ಲಿ. ಅಳತೆಯನ್ನು ಮೊದಲೇ ತೀರ್ಮಾನಿಸಿ: ಎ5 ಕರಪತ್ರಕ್ಕೆ 148×210 ಮಿಮೀ, ಎ4ಕ್ಕೆ 210×297 ಮಿಮೀ. ಆಮೇಲೆ ಒಂದೇ ಒತ್ತಿಗೆ ಅಳತೆ ಬದಲಿಸಲು ಪ್ರೊ ಬೇಕು. ಕತ್ತರಿಸುವ ಅಂಚಿನಾಚೆಯ ಹೆಚ್ಚುವರಿ ಜಾಗ ತೋರಿಸುವ ಬ್ಲೀಡ್ ಗೆರೆಯನ್ನು ಆನ್ ಮಾಡಿ, ಹಿನ್ನೆಲೆಯ ಬಣ್ಣವನ್ನು ಅಂಚಿನಾಚೆ 3 ಮಿಮೀ ಚಾಚಿಸಿ, ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 5 ಮಿಮೀ ಒಳಗಿಡಿ. ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುತ್ತದೆ, ಇಲ್ಲವೇ ಫೋನ್ ನಂಬರಿನ ಕೊನೆಯ ಅಂಕಿ ಹೋಗುತ್ತದೆ. ಡೌನ್‌ಲೋಡ್‌ನಲ್ಲಿ ಪಿಡಿಎಫ್ ಪ್ರಿಂಟ್ ಆರಿಸಿ, ಕ್ರಾಪ್ ಮಾರ್ಕ್ಸ್ (ಕತ್ತರಿಸುವ ಗುರುತು) ಮತ್ತು ಬ್ಲೀಡ್‌ಗೆ ಟಿಕ್ ಹಾಕಿ.

ಪ್ರೆಸ್‌ನವರು ಈ ಪಿಡಿಎಫ್ ಅನ್ನು ಕೋರೆಲ್ ಡ್ರಾದಲ್ಲಿ ತೆರೆದರೆ ಕನ್ನಡ ಚೆಲ್ಲಾಪಿಲ್ಲಿಯಾಗಬಹುದು, ಏಕೆಂದರೆ ಆ ತಂತ್ರಾಂಶ ಪಠ್ಯವನ್ನು ಮತ್ತೆ ಪಠ್ಯವಾಗಿಯೇ ಕಟ್ಟಲು ಹೋಗುತ್ತದೆ. ಹಾಗಾದರೆ ಫ್ಲಾಟನ್ ಪಿಡಿಎಫ್‌ಗೂ ಟಿಕ್ ಹಾಕಿ ಇನ್ನೊಂದು ಪ್ರತಿ ಕೊಡಿ. ಅದು ಎಲ್ಲವನ್ನೂ ಚಿತ್ರವಾಗಿಸುವುದರಿಂದ ಅಲ್ಲಿ ಕಾಗುಣಿತ ತಿದ್ದಲಾಗದು. ಕರಡು ತಿದ್ದುವುದೆಲ್ಲ ಅದಕ್ಕೆ ಮುಂಚೆಯೇ ಮುಗಿಯಲಿ. ಪರದೆಯ ಹೊಳೆಯುವ ನೀಲಿ, ಗಿಳಿಹಸಿರು ಕಾಗದದಲ್ಲಿ ಮಂಕಾಗುತ್ತವೆ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಪಿಡಿಎಫ್ ಪ್ರೊನಲ್ಲಿ ಮಾತ್ರ ಸಿಗುತ್ತದೆ. ಉಚಿತ ಆವೃತ್ತಿಯಲ್ಲಿ ಮಾಡಿದ್ದರೆ ಒಂದು ಮಾದರಿ ಪ್ರತಿ ತೆಗೆಸಿ ನೋಡದೆ ಸಾವಿರ ಪ್ರತಿಗೆ ಒಪ್ಪಿಗೆ ಕೊಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಪ್ರೆಸ್‌ಗೆ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಸ್ಮರಣ ಸಂಚಿಕೆ ಬೇಡ ಎಂದದ್ದು ಏಕೆಂದರೆ, ಪುಟ ಜೋಡಿಸುವ ತಂತ್ರಾಂಶವಾದ ಇಂಡಿಸೈನ್‌ನಲ್ಲಿ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೆಸೆದಿಟ್ಟರೆ ಒಂದರಲ್ಲಿ ಹಿಡಿಸದ ಪಠ್ಯ ಮುಂದಿನ ಪುಟಕ್ಕೆ ತಾನೇ ಹರಿಯುತ್ತದೆ, ಇಲ್ಲಿ ಕೈಯಾರೆ ಕತ್ತರಿಸಿ ಅಂಟಿಸಬೇಕು. ಮೊದಲ ಪುಟದಲ್ಲಿ ಒಂದು ವಾಕ್ಯ ಸೇರಿಸಿದರೆ ಮುಂದಿನ ಪುಟಗಳನ್ನೆಲ್ಲ ಮತ್ತೆ ಜೋಡಿಸಬೇಕಾಗುತ್ತದೆ. ಕನ್ನಡದ ಪದಗಳು ಉದ್ದ, ಕಿರಿದಾದ ಅಂಕಣದಲ್ಲಿ ಎರಡೂ ಬದಿ ಸಮ ಮಾಡಿದರೆ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ. ಎಡಕ್ಕೆ ಮಾತ್ರ ಹೊಂದಿಸಿ. ಚಿತ್ರವೇ ಹೆಚ್ಚಿರುವ ಶಾಲಾ ಸಂಚಿಕೆಯಾದರೆ ಈ ತೊಂದರೆ ಅಷ್ಟಾಗಿ ಕಾಡದು. ಪರ್ಕಿನ್ಸ್ ಮೊದಲು ಕಟ್ಟಿದ್ದೇ ಅಂಥದ್ದಕ್ಕೆ.

ಪ್ರೊ ಕೊಳ್ಳಬೇಕೇ? ತಿಂಗಳಿಗೆ ಒಂದೆರಡು ಪೋಸ್ಟರ್ ಮಾಡುವವರಿಗೆ ಬೇಡ. ಕಿರೀಟದ ಗುರುತಿರುವ ಚಿತ್ರಗಳನ್ನು ಬಿಟ್ಟರೆ ಸಾಕು. ದಿನವೂ ಉತ್ಪನ್ನದ ಫೋಟೋ ಹಾಕುವ ಅಂಗಡಿಯವರಿಗೆ ಹಿನ್ನೆಲೆ ಅಳಿಸುವ ಒಂದೇ ಸೌಲಭ್ಯಕ್ಕೂ ಕೊಟ್ಟ ಹಣ ಸಾರ್ಥಕ. ಶಾಲಾ ಶಿಕ್ಷಕರು ಮತ್ತು ನೋಂದಾಯಿತ ಸೇವಾ ಸಂಸ್ಥೆಗಳು ಕೊಳ್ಳುವ ಮುನ್ನ ತಮಗಾಗಿಯೇ ಇರುವ ಉಚಿತ ಯೋಜನೆಗೆ ದಾಖಲೆ ಕೊಟ್ಟು ಅರ್ಜಿ ಹಾಕಲಿ. ಟೆಂಪ್ಲೇಟಿನ ಲೋಗೋವನ್ನು ಹಾಗೇ ಎತ್ತಿಕೊಂಡು ಟ್ರೇಡ್‌ಮಾರ್ಕ್ ಮಾಡಿಸಲು ಕ್ಯಾನ್ವಾದ ಪರವಾನಗಿ ಬಿಡುವುದಿಲ್ಲ, ಅದೇ ಚಿತ್ರವನ್ನು ಬೇರೆಯವರೂ ಬಳಸುತ್ತಿರುತ್ತಾರೆ. ಅಂಗಡಿಯ ಬೋರ್ಡಿಗೆ ಲೋಗೋ ಬೇಕಿದ್ದರೆ ಕಲಾವಿದರೊಬ್ಬರಿಂದ ಬರೆಸಿಕೊಂಡು, ಅದನ್ನು ಇಲ್ಲಿಗೆ ಏರಿಸಿ ಬಳಸಿ.