ಬೆನ್ನಿನ ಗಂಟಿಗೆ ಕೊಕ್ಕೆಯೋ, ಚೆಂಡೋ, ಗನ್ನೋ?

ಕತ್ತಿನ ಬುಡದಿಂದ ಹೆಗಲಿಗೆ ಇಳಿಯುವ ದಪ್ಪ ಮಾಂಸಖಂಡ, ಬೆನ್ನಿನ ರೆಕ್ಕೆಮೂಳೆಯ ಮೇಲ್ಮೂಲೆ, ಆ ರೆಕ್ಕೆಗೂ ಬೆನ್ನುಮೂಳೆಗೂ ನಡುವಿನ ಪಟ್ಟಿ. ತಿಂಗಳುಗಟ್ಟಲೆ ಬಿಡದೆ ಕಾಡುವ ಗಂಟುಗಳು ಹೆಚ್ಚಾಗಿ ಈ ಮೂರು ಕಡೆಯೇ ಕೂರುವುದು. ಮೂರೂ ನಮ್ಮ ಕೈ ನೆಟ್ಟಗೆ ಮುಟ್ಟದ, ಮುಟ್ಟಿದರೂ ಬಲ ಹಾಕಲಾಗದ ಜಾಗಗಳು. ಮಸಾಜ್ ಸಾಮಾನುಗಳ ವ್ಯಾಪಾರ ನಡೆಯುವುದೇ ಈ ಕೈಗೆಟುಕದ ಕಷ್ಟದ ಮೇಲೆ.

ಇಲ್ಲಿ ತೂಗಿ ನೋಡಿರುವುದು ನಾಲ್ಕನ್ನು: ಕೊಕ್ಕೆ ಆಕಾರದ ಮಸಾಜರ್, ರಬ್ಬರ್ ಚೆಂಡು, ಮೋಟಾರಿನಿಂದ ಬಡಿಯುವ ಮಸಾಜ್ ಗನ್, ಎಳೆದು ವ್ಯಾಯಾಮ ಮಾಡುವ ಎಲಾಸ್ಟಿಕ್ ಬ್ಯಾಂಡ್. ತೀರ್ಪು ಮೊದಲೇ ಹೇಳಿಬಿಡಬಹುದು. ಒತ್ತುವುದಕ್ಕೆ ಒಂದೇ ಸಾಧನ ಕೊಳ್ಳುವವರು ಕೊಕ್ಕೆ ಕೊಳ್ಳಿ. ಹೆಚ್ಚು ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಚೆಂಡು ಸಾಕು. ಈ ಕೆಲಸಕ್ಕೆಂದೇ ಗನ್ ಕೊಳ್ಳುವುದು ದಂಡ. ಗಂಟು ಮತ್ತೆ ಮತ್ತೆ ವಾಪಸ್ ಬರುತ್ತಿದ್ದರೆ ಮಾತ್ರ ಈ ಮೂರರಿಂದಲೂ ಆಗದು. ಅಲ್ಲಿ ಕೆಲಸಕ್ಕೆ ಬರುವುದು ಬ್ಯಾಂಡ್.

ಸಾಧನಕ್ಕಿಂತ ಮುಂಚೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಒತ್ತಿದಾಗ ಗಂಟು 'ಒಡೆಯುವುದಿಲ್ಲ'. ಅಲ್ಲಿ ಲ್ಯಾಕ್ಟಿಕ್ ಆಸಿಡ್ ಶೇಖರವಾಗಿ ಕೂತಿರುವುದೂ ಇಲ್ಲ. ವ್ಯಾಯಾಮದಲ್ಲಿ ಹುಟ್ಟುವ ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ತಾನೇ ಕರಗಿಹೋಗುತ್ತದೆ. ಬೆರಳಿಗೆ ಸಿಗುವುದು ಬಿಗಿದುಕೊಂಡ ನಾರುಗಳ ಎಳೆ, ಅದರಲ್ಲೊಂದು ಮುಟ್ಟಿದರೆ ಚುರ್ರೆನ್ನುವ ಬಿಂದು. ಅಮೆರಿಕದ ಅಧ್ಯಕ್ಷ ಕೆನಡಿಯ ಖಾಸಗಿ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಇಂಥ ಬಿಂದುಗಳಿಗೆ ಟ್ರಿಗರ್ ಪಾಯಿಂಟ್ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯರು. ಒಳಗೆ ನಿಖರವಾಗಿ ಏನಾಗಿದೆ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಹದವಾದ ಒತ್ತಡವನ್ನು ಒಂದೇ ಕಡೆ ಸ್ವಲ್ಪ ಹೊತ್ತು ಹಿಡಿದರೆ ನೋವಿನ ಸೂಕ್ಷ್ಮತೆ ತಗ್ಗಿ, ಸ್ನಾಯು ಸಡಿಲವಾಗಿ, ಕತ್ತು ಹೆಚ್ಚು ತಿರುಗುತ್ತದೆ ಎಂಬುದಂತೂ ನಿತ್ಯ ಕಾಣುವ ಮಾತು. ಅಂದರೆ ಒಳ್ಳೆಯ ಸಾಧನದಿಂದ ಕೇಳಬೇಕಾದ್ದು ಎರಡೇ: ಜಾಗಕ್ಕೆ ತಲುಪಬೇಕು, ಒತ್ತುವಾಗ ಆ ಸ್ನಾಯುವಿಗೆ ಕೆಲಸ ಕೊಡಬಾರದು.

ಈ ಎರಡನೆಯ ಷರತ್ತಿನಲ್ಲೇ ಕೊಕ್ಕೆ ಗೆಲ್ಲುವುದು. ಥೆರಾ ಕೇನ್ ಎಂಬ ಅಮೆರಿಕನ್ ಮಾದರಿ ಇದರಲ್ಲಿ ಹೆಸರುವಾಸಿ: ಕೊಡೆಯ ಹಿಡಿಯಂತೆ ಬಾಗಿದ ಗಟ್ಟಿ ಕೋಲು, ಅಲ್ಲಲ್ಲಿ ಆರು ಗುಂಡುಗಳು. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಸಿಗುವುದು ಹೆಚ್ಚಾಗಿ ಅದರ ನಕಲುಗಳು ಮತ್ತು ಎರಡೂ ತುದಿ ಬಾಗಿದ ಎಸ್ ಆಕಾರದವು. ನಕಲು ಎಂದ ಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ, ಆದರೆ ಎರಡು ತುಂಡು ಜೋಡಿಸುವ ಮಾದರಿ ಬೇಡ. ಬಲ ಬಿದ್ದಾಗ ಕೀಲು ಅರ್ಧ ಸುತ್ತು ತಿರುಗುತ್ತದೆ, ಗುಂಡು ಗಂಟಿನಿಂದ ಜಾರಿ ಪಕ್ಕೆಲುಬಿನ ಮೇಲೆ ಹೋಗಿ ಕೂರುತ್ತದೆ. ಕೆಲವು ದಿನ ಕಳೆದ ಮೇಲೆ ಆ ಕೀಲು ಕಿರ್‌ ಎನ್ನಲು ಶುರುವಾದರೆ ಪ್ಲಾಸ್ಟಿಕ್ ಸವೆಯುತ್ತಿದೆ ಎಂದೇ ಅರ್ಥ.

ಡಬ್ಬಿ ಬಿಚ್ಚಿದ ಕೂಡಲೇ ಮೂರು ಪರೀಕ್ಷೆ ಮಾಡಿ. ಎರಡು ತುದಿ ಹಿಡಿದು ಬಗ್ಗಿಸಿ. ಬಿಲ್ಲಿನಂತೆ ಬಾಗಿದರೆ ವಾಪಸ್ ಕಳಿಸಿ, ನೀವು ಹಾಕುವ ಬಲವೆಲ್ಲ ಕೋಲಿನಲ್ಲೇ ಮುಗಿದುಹೋಗುತ್ತದೆ. ಗುಂಡಿನ ಮೇಲೆ ಹೆಬ್ಬೆರಳು ಸವರಿ. ಅಚ್ಚಿನ ಜೋಡಣೆಯ ಗೆರೆ ಉಗುರಿಗೆ ತಾಗಿದರೆ ಬಟ್ಟೆಯ ಮೇಲಿಂದಲೂ ಅದು ಚರ್ಮಕ್ಕೆ ಕೊರೆಯುತ್ತದೆ. ಸಣ್ಣದಾಗಿದ್ದರೆ ನುಣುಪು ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ ಸರಿಮಾಡಬಹುದು. ಮೂರನೆಯದು, ಕೊಕ್ಕೆಯ ಬಾಯಿ ನಿಮ್ಮ ಹೆಗಲ ದಪ್ಪಕ್ಕೆ ಹೊಂದುತ್ತದೆಯೇ ನೋಡಿ. ಇಕ್ಕಟ್ಟಾದ ಕೊಕ್ಕೆ ತುಂಬು ಮೈಯವರಿಗೆ ಹೆಗಲ ಮೇಲೆಯೇ ಸಿಕ್ಕಿಕೊಳ್ಳುತ್ತದೆ, ರೆಕ್ಕೆಯ ನಡುಭಾಗಕ್ಕೆ ಇಳಿಯುವುದೇ ಇಲ್ಲ.

ಬಳಸುವ ಕ್ರಮ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಕೂತು, ತೊಡೆಯ ಮೇಲೆ ದಿಂಬಿಟ್ಟು ಮೊಣಕೈ ಅದರ ಮೇಲೆ ಊರಿ. ಬಲಗಡೆ ರೆಕ್ಕೆಯ ಒಳ ಅಂಚಿನ ಗಂಟಿಗೆ ಕೊಕ್ಕೆಯನ್ನು ಎಡ ಹೆಗಲ ಮೇಲಿಂದ ಹಾಕಿ, ತುದಿಯ ಗುಂಡನ್ನು ಬೆನ್ನುಮೂಳೆಯಿಂದ ಎರಡು ಬೆರಳಷ್ಟು ಆಚೆ ತನ್ನಿ. ಮೂಳೆಯ ಮೇಲೆ ಒತ್ತಲೇಬಾರದು. ಈಗ ಎದೆಯ ಮುಂದಿರುವ ಕೋಲನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ದೇಹದಿಂದ ಮುಂದಕ್ಕೆ ತಳ್ಳಿ. ಹೆಗಲು ಆಧಾರವಾಗಿ, ಹಿಂದಿನ ಗುಂಡು ಬೆನ್ನಿಗೆ ಒತ್ತುತ್ತದೆ. ಎಳೆಯಬೇಕು ಎಂದುಕೊಂಡು ಹೊಟ್ಟೆಯ ಕಡೆಗೆ ಎಳೆಯುವವರೇ ಜಾಸ್ತಿ. ಹಾಗೆ ಮಾಡಿದರೆ ಗುಂಡು ಬೆನ್ನಿನಿಂದ ದೂರ ಸರಿಯುತ್ತದೆ, 'ಇದರಿಂದ ಏನೂ ಆಗಲಿಲ್ಲ' ಎಂಬ ಒಂದು ಸ್ಟಾರ್ ವಿಮರ್ಶೆ ಹುಟ್ಟುತ್ತದೆ. ಕತ್ತು ಮತ್ತು ಹೆಗಲ ನಡುವಿನ ದಿಬ್ಬಕ್ಕೆ ಮಾತ್ರ ಕ್ರಮ ಬೇರೆ: ಗುಂಡನ್ನು ದಿಬ್ಬದ ಮೇಲಿಟ್ಟು ಎರಡೂ ಕೈಯಿಂದ ಕೋಲನ್ನು ನೇರ ಕೆಳಗೆ ಜಗ್ಗಿ.

ಒತ್ತಡ ಹತ್ತರಲ್ಲಿ ಐದು, ಆರು ಎನ್ನಿಸುವಷ್ಟಿರಲಿ. ಸಿಹಿನೋವು ಅನ್ನುತ್ತಾರಲ್ಲ, ಅಷ್ಟು. ಉಸಿರು ಬಿಗಿಹಿಡಿದರೆ, ಹಲ್ಲು ಕಚ್ಚಿದರೆ ಹೆಚ್ಚಾಯಿತೆಂದು ಲೆಕ್ಕ. 30ರಿಂದ 60 ಸೆಕೆಂಡ್ ಅಲುಗಾಡದೆ ಹಿಡಿಯಿರಿ. ನೋವು ಮೂರಕ್ಕೆ ಇಳಿದ ಮೇಲೆ ಒಂದಂಗುಲ ಸರಿಸಿ. ನಾಲ್ಕೈದು ಜಾಗ, ಒಟ್ಟು ಹತ್ತು ನಿಮಿಷದೊಳಗೆ ಮುಗಿಸಿ. ಗಂಟು ಇಳಿಯಲಿಲ್ಲವೆಂದು ಅದೇ ಜಾಗವನ್ನು ಕಾಲು ಗಂಟೆ ಕುಟ್ಟಿದವರಿಗೆ ಮಾರನೆಯ ದಿನ ಸಿಗುವುದು ಕಂದಿದ ಚರ್ಮ, ಮೊದಲಿಗಿಂತ ಬಿಗಿಯಾದ ಬೆನ್ನು. ಬಿಸಿನೀರಿನ ಸ್ನಾನದ ನಂತರ ಅಥವಾ 15 ನಿಮಿಷ ಶಾಖ ಕೊಟ್ಟ ಮೇಲೆ ಮಾಡಿದರೆ ಅರ್ಧ ಬಲ ಸಾಕಾಗುತ್ತದೆ. ಎಣ್ಣೆ ಮಾತ್ರ ಹಚ್ಚಬೇಡಿ. ನೀವುವುದಕ್ಕೆ ಎಣ್ಣೆ ಸರಿ, ಒಂದೇ ಬಿಂದುವಿನಲ್ಲಿ ನಿಲ್ಲಬೇಕಾದ ಗುಂಡು ಎಣ್ಣೆಯಲ್ಲಿ ಜಾರುತ್ತದೆ. ನೋವಿನ ಮುಲಾಮು ಹಚ್ಚಿದ ಚರ್ಮದ ಮೇಲೆ ಬಿಸಿನೀರಿನ ಚೀಲ ಇಡುವುದಂತೂ ಸುಟ್ಟ ಗಾಯಕ್ಕೆ ಆಹ್ವಾನ.

ಇನ್ನು ಚೆಂಡು. ಹಾಲಿ ಸಿಗುವ ಮಸಾಜ್ ಬಾಲ್‌ಗಳು ಬಹುಪಾಲು ಲಕ್ರಾಸ್ ಎಂಬ ಆಟದ ಚೆಂಡಿನ ಅಳತೆಯವು: ಸುಮಾರು 6.3 ಸೆಂಟಿಮೀಟರ್ ಅಡ್ಡಳತೆ, 145 ಗ್ರಾಂ ಆಸುಪಾಸು ತೂಕದ ಗಟ್ಟಿ ರಬ್ಬರ್. ಟೆನಿಸ್ ಚೆಂಡು ಅದಕ್ಕಿಂತ ತುಸು ದೊಡ್ಡದು, ಆದರೆ ಒಳಗೆ ಟೊಳ್ಳು, 58 ಗ್ರಾಂ ಅಷ್ಟೆ. ಹೊಸಬರಿಗೆ ಟೆನಿಸ್ ಚೆಂಡೇ ಸರಿ. ಅದು ಚಪ್ಪಟೆಯಾಗುವುದು ದೋಷವಲ್ಲ, ಅದೇ ಅದರ ಗುಣ. ಕ್ರಿಕೆಟ್ ಚೆಂಡು ಬೇಡ, ಹೊಲಿಗೆಯ ದಿಂಡು ಕೊರೆಯುತ್ತದೆ. ಕೊಡಗಿನ ಮನೆಗಳಲ್ಲಿ ಸುಲಭವಾಗಿ ಸಿಗುವ ಹಾಕಿ ಚೆಂಡು ಕಲ್ಲಿನಷ್ಟು ಗಟ್ಟಿ, ಸಾಲದ್ದಕ್ಕೆ ಗೋಡೆಯ ಮೇಲೆ ಜಾರುತ್ತದೆ.

ಚೆಂಡನ್ನು ಉದ್ದನೆಯ ಕಾಲುಚೀಲದೊಳಗೆ ಹಾಕಿ, ಚೀಲದ ಬಾಯಿಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಹಿಡಿದುಕೊಳ್ಳಿ. ಚೆಂಡು ಬಿದ್ದು ಸೋಫಾ ಕೆಳಗೆ ಉರುಳುವ ಕಾಟ ತಪ್ಪುತ್ತದೆ, ಮೇಲೆ ಕೆಳಗೆ ಮಾಡುವುದೂ ಸಲೀಸು. ಗೋಡೆಯಿಂದ ಒಂದಡಿ ದೂರ ಪಾದ ಇಟ್ಟು, ಮಂಡಿ ತುಸು ಬಗ್ಗಿಸಿ, ಮೈಭಾರ ಗೋಡೆಗೆ ಒರಗಿಸಿ. ನೋಯುವ ಕಡೆಯ ಕೈಯನ್ನು ಎದೆಯ ಮೇಲೆ ಅಡ್ಡ ತಂದು ಇನ್ನೊಂದು ಹೆಗಲನ್ನು ಹಿಡಿಯಿರಿ. ಈ ಸಣ್ಣ ಕೆಲಸ ಮಾಡದಿದ್ದರೆ ರೆಕ್ಕೆಮೂಳೆ ಬೆನ್ನುಮೂಳೆಗೆ ಹತ್ತಿರವೇ ಉಳಿದು ಚೆಂಡಿಗೆ ಕೂರಲು ಜಾಗವಿರುವುದಿಲ್ಲ. ನೆಲದ ಮೇಲೆ ಮಲಗಿ ಮಾಡಿದರೆ ಒತ್ತಡ ಒಮ್ಮೆಲೇ ಏರುತ್ತದೆ. ಕೆಲವು ವಾರ ಗೋಡೆಯಲ್ಲೇ ಅಭ್ಯಾಸವಾಗಲಿ.

ಚೆಂಡಿನ ಮಿತಿ ಎಂದರೆ ಅದು ಹೆಗಲ ಮೇಲಿನ ದಿಬ್ಬಕ್ಕೆ ತಲುಪದು. ಗೋಡೆಯ ಮೂಲೆಗೆ ಬಾಗಿ ಮಾಡುವ ವಿಧಾನಗಳಿವೆ, ಆದರೆ ಬಾಗಿ ನಿಲ್ಲಲು ಅದೇ ಸ್ನಾಯು ದುಡಿಯಬೇಕಾಗುತ್ತದೆ. ಆದರೆ ರೆಕ್ಕೆಮೂಳೆಯ ಮೇಲೆಯೇ ಹಾಸಿರುವ ಇನ್ಫ್ರಾಸ್ಪೈನೇಟಸ್ ಸ್ನಾಯುವಿಗೆ ಚೆಂಡಿನಷ್ಟು ಒಳ್ಳೆಯದು ಬೇರೊಂದಿಲ್ಲ: ಗೋಡೆಗೆ ಓರೆಯಾಗಿ ನಿಂತು, ಕಂಕುಳ ಹಿಂಭಾಗದಿಂದ ಮೂರು ಬೆರಳು ಒಳಗೆ ಚೆಂಡಿಡಿ. ಇಲ್ಲಿನ ಗಂಟು ನೋವನ್ನು ಭುಜದ ಮುಂಭಾಗಕ್ಕೆ ಕಳಿಸುತ್ತದೆ, ಹಾಗಾಗಿ ಮುಂದೆ ಉಜ್ಜಿಕೊಳ್ಳುತ್ತಾ ಕೂತವರಿಗೆ ಹಿಂದಿನ ಬಿಂದು ಹೊಳೆಯುವುದೇ ಇಲ್ಲ. ಹಾಗೆಯೇ ರೆಕ್ಕೆಗಳ ನಡುವೆ ನೋವಿದ್ದೂ ಎಷ್ಟು ಹುಡುಕಿದರೂ ಅಲ್ಲಿ ಚುರ್ರೆನ್ನುವ ಬಿಂದು ಸಿಗದಿದ್ದರೆ, ಮೂಲ ಕತ್ತಿನ ಮುಂಬದಿಯ ಸ್ಕೇಲೀನ್ ಸ್ನಾಯುಗಳಲ್ಲಿರಬಹುದು, ಕತ್ತಿನ ನರದಲ್ಲೂ ಇರಬಹುದು. ಅಲ್ಲಿಗೆ ಈ ಯಾವ ಸಾಧನವೂ ಹೋಗಬಾರದು, ಫಿಸಿಯೋಥೆರಪಿಸ್ಟ್ ನೋಡಲಿ.

ಚೆಂಡು ಕೊಳ್ಳುವಾಗ ಬಣ್ಣ ನೋಡಿ. ಕಪ್ಪು ರಬ್ಬರ್ ತಿಳಿಬಣ್ಣದ ಡಿಸ್ಟೆಂಪರ್ ಗೋಡೆಯ ಮೇಲೆ ಗೀಟು ಬಿಡುತ್ತದೆ, ಬಾಡಿಗೆ ಮನೆಯಾದರೆ ಕಾಲುಚೀಲ ಕಡ್ಡಾಯ. ಹಳೆಯದಾದಂತೆ ರಬ್ಬರ್ ಮೇಲ್ಮೈ ಮಿರುಗಿ ಜಿಡ್ಡುಜಿಡ್ಡಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸೋಪು ನೀರಿನಲ್ಲಿ ಉಜ್ಜಿದರೆ ಸ್ವಲ್ಪ ಕಾಲ ಬರುತ್ತದೆ.

ಗನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿರುವ '30 ಸ್ಪೀಡ್' ಲೆಕ್ಕಕ್ಕೆ ಬಾರದ ಅಂಕಿ. ನೋಡಬೇಕಾದ್ದು ತಲೆ ಎಷ್ಟು ಮಿಲಿಮೀಟರ್ ಹಿಂದೆ ಮುಂದೆ ಚಲಿಸುತ್ತದೆ ಎಂಬುದು, ಮತ್ತು ಒತ್ತಿದರೆ ಮೋಟಾರ್ ನಿಂತುಬಿಡುತ್ತದೆಯೇ ಎಂಬುದು. ದುಬಾರಿ ಗನ್‌ಗಳಲ್ಲಿ ಚಲನೆ 12ರಿಂದ 16 ಮಿಲಿಮೀಟರ್. ಅಗ್ಗದವು ಎಷ್ಟೋ ಸಲ ಈ ಅಂಕಿಯನ್ನೇ ಬರೆದಿರುವುದಿಲ್ಲ, ಅವು ಚರ್ಮವನ್ನು ಜುಮುಗುಡಿಸಿ ಮುಗಿಸುತ್ತವೆ. ಒಳ್ಳೆಯದನ್ನೇ ಕೊಂಡರೂ ಸುಮಾರು ಒಂದು ಕಿಲೋ ಭಾರದ ಯಂತ್ರವನ್ನು ತಿರುಚಿದ ಕೈಯಲ್ಲಿ ಬೆನ್ನ ಹಿಂದೆ ಹಿಡಿಯುವುದೆಂದರೆ ಹೆಗಲಿಗೆ ಹೊಸ ಶಿಕ್ಷೆ. ಇನ್ನೊಬ್ಬರು ಹಿಡಿಯುವವರಿದ್ದರೆ ಮೆತ್ತನೆಯ ದುಂಡು ತಲೆ, ಕನಿಷ್ಠ ವೇಗ, ಒಂದು ಕಡೆ ಅರ್ಧ ನಿಮಿಷ. ಕತ್ತಿನ ಮುಂದೆ, ಪಕ್ಕದಲ್ಲಿ, ಬೆನ್ನುಮೂಳೆಯ ಮೇಲೆ ಬೇಡವೇ ಬೇಡ. ಮನೆಯಲ್ಲಿ ಓಡುವವರು, ಜಿಮ್‌ಗೆ ಹೋಗುವವರು ಕಾಲಿಗೆ ಬಳಸಲು ಕೊಂಡಿದ್ದರೆ ಬಳಸಿಕೊಳ್ಳಿ. ಮೈ ಕೆಳಗೆ ಉರುಳಿಸುವ ದಪ್ಪ ಉರುಳೆ, ಅಂದರೆ ಫೋಮ್ ರೋಲರ್, ಇಷ್ಟು ಸಣ್ಣ ಬಿಂದುವಿಗೆ ಅಗಲ ಜಾಸ್ತಿ. ತಿರುಗುವ ಗುಂಡುಗಳ ಕತ್ತಿನ ದಿಂಬು ಹಿತವಾಗಿರುತ್ತದೆ, ಆದರೆ ಅದು ಒತ್ತುವುದು ತನಗೆ ಬೇಕಾದ ಕಡೆ, ನಿಮಗೆ ಬೇಕಾದ ಕಡೆಯಲ್ಲ.

ಇವು ಯಾವುದನ್ನೂ ಕೈಗೆತ್ತಿಕೊಳ್ಳದೆ ಡಾಕ್ಟರ ಬಳಿ ಹೋಗಬೇಕಾದ ನೋವುಗಳಿವೆ. ಮೆಟ್ಟಿಲು ಹತ್ತಿದಾಗ ಎಡ ಹೆಗಲು, ಬೆನ್ನಿನಲ್ಲಿ ಹಿಂಡಿದಂತಾಗಿ ಬೆವರು, ಉಸಿರಿನ ತೊಂದರೆ ಬಂದರೆ ಅದು ಹೃದಯದ್ದಾಗಿರಬಹುದು, ತಡ ಮಾಡಬಾರದು. ಕರಿದದ್ದು ತಿಂದ ಮೇಲೆ ಬಲ ರೆಕ್ಕೆಯ ಕೆಳಗೆ ನೋವು ಬರುವುದು ಪಿತ್ತಕೋಶದ ಕಲ್ಲಿನ ಗುರುತಾಗಿರಬಹುದು. ಬೆರಳು ಜೋಮು ಹಿಡಿಯುವುದು, ಹಿಡಿತ ಕಡಿಮೆಯಾಗುವುದು ನರದ ವಿಷಯ. ಸಕ್ಕರೆ ಕಾಯಿಲೆಯವರಿಗೆ ಕೈ ಹೊರಕ್ಕೆ ತಿರುಗುವುದೇ ನಿಂತುಹೋಗಿದ್ದರೆ ಅದು ಹೆಗಲ ಕೀಲು ಬಿಗಿದಿರುವುದು, ಗಂಟಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತದವರು ಕೇಳದೆ ಒತ್ತಬಾರದು.

ಬ್ಯಾಂಡಿಗೆ ಬರೋಣ. ಗಂಟು ಮರುಕಳಿಸುವುದು ಹೆಚ್ಚಾಗಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಸಣ್ಣ ಬಲದಲ್ಲಿ ದುಡಿಯುವ, ಆದರೆ ಎಂದೂ ದೊಡ್ಡ ಬಲಕ್ಕೆ ಒಗ್ಗದ ಸ್ನಾಯುಗಳಲ್ಲಿ. ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕತ್ತು-ಹೆಗಲ ನೋವು ಪದೇಪದೇ ಬರುತ್ತಿದ್ದ 198 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ ಎಲಾಸ್ಟಿಕ್ ವ್ಯಾಯಾಮ ಕೊಟ್ಟರು, ವಾರಕ್ಕೆ ಐದು ದಿನ, 10 ವಾರ. ವ್ಯಾಯಾಮ ಕೊಡದ ಮೂರನೆಯ ಗುಂಪಿಗೆ ಹೋಲಿಸಿದರೆ ಎರಡೂ ಗುಂಪಿನಲ್ಲಿ ನೋವು ಇಳಿಯಿತು. ಸಮಯವಿಲ್ಲ ಎಂಬ ನೆಪಕ್ಕೆ ಎರಡು ನಿಮಿಷದ ಗುಂಪೇ ಉತ್ತರ.

ಮಾಡುವುದು ಸರಳ. ಬ್ಯಾಂಡಿನ ನಡುವೆ ಪಾದ ಊರಿ, ಎರಡು ತುದಿ ಹಿಡಿದು, ಮೊಣಕೈ ತುಸು ಬಗ್ಗಿಸಿಯೇ ಕೈಗಳನ್ನು ಪಕ್ಕಕ್ಕೆ, ನೇರ ಪಕ್ಕಕ್ಕಲ್ಲ ಸ್ವಲ್ಪ ಮುಂದಕ್ಕೆ ಓರೆಯಾಗಿ, ಹೆಗಲ ಮಟ್ಟದವರೆಗೆ ಎತ್ತಿ ನಿಧಾನವಾಗಿ ಇಳಿಸಿ. ಅದಕ್ಕಿಂತ ಮೇಲಕ್ಕೆ ಬೇಡ. ಹೆಗಲು ಕಿವಿಯ ಕಡೆ ಏರುತ್ತಿದ್ದರೆ ಬ್ಯಾಂಡ್ ನಿಮಗೆ ಗಟ್ಟಿಯಾಯಿತು. ಬಣ್ಣಕ್ಕೂ ಗಟ್ಟಿತನಕ್ಕೂ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ, ಹಾಗಾಗಿ ಬಣ್ಣ ನೋಡಿ ಕೊಳ್ಳದೆ ಒಂದೇ ಕಂಪನಿಯ ಹಗುರ, ಮಧ್ಯಮ ಎರಡನ್ನು ಒಟ್ಟಿಗೆ ಕೊಳ್ಳಿ. ಬಿಸಿಲು ಬೀಳುವ ಕಿಟಕಿಯಲ್ಲಿ ನೇತುಹಾಕಿದ ಲೇಟೆಕ್ಸ್ ಬೇಗ ಬಿರಿಯುತ್ತದೆ. ಬಳಸುವ ಮುನ್ನ ಒಮ್ಮೆ ಎಳೆದು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಉಗುರಿನಷ್ಟು ಸೀಳು ಕಂಡರೂ ಬಿಸಾಡಿ, ಎಳೆತದಲ್ಲಿರುವಾಗ ಹರಿದರೆ ತುದಿ ಮುಖಕ್ಕೇ ಬಡಿಯುತ್ತದೆ.