ಸಿ-ಆರ್ಮ್ ಇಲ್ಲದ ಆಪರೇಷನ್ ಥಿಯೇಟರಿಗೆ ಸೈನ್ ನೇಲ್: ಟಿಬಿಯಾಗೆ ಸಲೀಸು, ತೊಡೆಗೆ ತಾಳ್ಮೆ

ಎಂ.ಎಸ್. ಆರ್ಥೋ (ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ಮುಗಿಸಿ ಟಾಂಜಾನಿಯಾ, ಇಥಿಯೋಪಿಯಾ ಕಡೆ ಕೆಲಸಕ್ಕೆ ಹೊರಡುವವರು ಮೊದಲು ಕೈ ಪಳಗಿಸಿಕೊಳ್ಳಬೇಕಾದ ಸಲಕರಣೆ ಈ ಸೈನ್ ನೇಲ್, ಮುರಿದ ಮೂಳೆಯೊಳಗೆ ಇಳಿಸುವ ಸರಳು. ‘ಕಾಲಿಗೆ ರಾಡು ಹಾಕಿದ್ದಾರೆ’ ಅನ್ನುತ್ತಾರಲ್ಲ, ಅದೇ ಜಾತಿ. ಆದರೆ ಇದಕ್ಕೆ ಸಿ-ಆರ್ಮ್ (ಆಪರೇಷನ್ ನಡುವೆಯೇ ಮೂಳೆ ತೋರಿಸುವ ಎಕ್ಸ್‌ರೇ ಯಂತ್ರ) ಬೇಡ. ಮಜ್ಜೆಯ ಕೊಳವೆಯನ್ನು ಕೈಯಿಂದಲೇ ರೀಮ್ ಮಾಡಬಹುದು, ಅಂದರೆ ಕೊರೆದು ಅಗಲಿಸಬಹುದು. ಮೂಳೆ ಸರ್ಜನ್ ಲೂಯಿಸ್ ಜಿರ್ಕಲ್ 1999ರಲ್ಲಿ ಅಮೆರಿಕದ ರಿಚ್‌ಲ್ಯಾಂಡ್‌ನಲ್ಲಿ ಕಟ್ಟಿದ ಲಾಭರಹಿತ ಸಂಸ್ಥೆ ಇದನ್ನು ತಯಾರಿಸುತ್ತದೆ.

ನೇಲ್ ಟೊಳ್ಳಲ್ಲ, ಗಟ್ಟಿ ಸ್ಟೀಲ್. ಮೇಲ್ತುದಿಯಲ್ಲಿ 9 ಡಿಗ್ರಿ, ಕೆಳಗೆ 1.5 ಡಿಗ್ರಿ ಬಾಗು. ಸ್ಕ್ರೂ ಕೂರಲು ಉದ್ದನೆಯ ಸೀಳುಗಳಿವೆ.

ಜಾಣತನ ಇರುವುದು ಸ್ಕ್ರೂ ಕೂರುವ ಜಾಗವನ್ನು ಹೊರಗಿನಿಂದ ತೋರಿಸುವ ಚೌಕಟ್ಟಾದ ಜಿಗ್‌ನಲ್ಲಿ. ನೇಲನ್ನು ಮೂಳೆಗೆ ಇಳಿಸುವ ಮೊದಲೇ ಜಿಗ್‌ನ ತೋಳಾದ ಟಾರ್ಗೆಟ್ ಆರ್ಮ್ ಜೋಡಿಸಿ, ಅದರ ರಂಧ್ರದಿಂದ ಹೋದ ಕಡ್ಡಿ ನೇಲಿನ ಸೀಳಿಗೆ ನೇರ ಬೀಳುತ್ತದೆಯೇ ನೋಡಿ ಬೋಲ್ಟ್ ಬಿಗಿಯಬೇಕು. ಆಮೇಲೆ ಆರ್ಮ್‌ನ ಕೆಳಭಾಗ ಬಿಚ್ಚಿ, ನೇಲ್ ಇಳಿಸಿ, ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಮೂಳೆಯ ಹತ್ತಿರದ ಗೋಡೆ ಕೊರೆದು, ಸೀಳನ್ನು ಹುಡುಕುವ ಕಡ್ಡಿಯಾದ ಸ್ಲಾಟ್ ಫೈಂಡರ್ ತೂರಿಸಿ. ಅದು ಸೀಳಿನೊಳಗೆ ಕೂತಿದ್ದರೆ ಫೈಂಡರ್ ತಿರುಗಿಸಿದಾಗ ಜಿಗ್ ಕೂಡ ಅಲುಗುತ್ತದೆ. ಅಲುಗದಿದ್ದರೆ ಆಚೆ ಗೋಡೆ ಕೊರೆಯಲು ಹೋಗಬೇಡಿ. ಮೊದಲು ಕೆಳಗಿನ ಸ್ಕ್ರೂ, ಆಮೇಲೆ ನೇಲನ್ನು ಮೇಲಕ್ಕೆ ತಟ್ಟಿ ಮುರಿತದ ಸಂದು ಮುಚ್ಚಿ, ಕೊನೆಗೆ ಮೇಲಿನ ಸ್ಕ್ರೂ.

ಟಿಬಿಯಾದಲ್ಲಿ (ಮಂಡಿಯ ಕೆಳಗಿನ ದೊಡ್ಡ ಮೂಳೆ) ಇದು ಸಲೀಸು. ತೊಡೆಮೂಳೆ ಮುಂದಕ್ಕೆ ಬಿಲ್ಲಿನಂತೆ ಬಾಗಿರುವುದರಿಂದ ನೇಲ್ ಒಳಗೆ ಕೊಂಚ ಬಾಗಿ, ತಿರುಚಿಕೊಳ್ಳುತ್ತದೆ. ಆಗ ಜಿಗ್‌ನ ಗುರಿ ಒಂದು ಕಡೆ, ಸೀಳು ಇನ್ನೊಂದು ಕಡೆ. ಬೋಲ್ಟ್ ಸಡಿಲವಾಗಿದ್ದರೂ ಇದೇ ಪಾಡು. ಸ್ಕ್ರೂ ನೇಲಿನ ಪಕ್ಕದಲ್ಲೇ ಹಾದುಹೋದದ್ದು ಮಾರನೆಯ ದಿನದ ಎಕ್ಸ್‌ರೇಯಲ್ಲಿ ಕಾಣುತ್ತದೆ. ಸುತ್ತಿಗೆಯಿಂದ ಹೊಡೆದು ಇಳಿಸುವ ಆತುರವೇ ಅರ್ಧ ಕಾರಣ. ಇನ್ನೊಂದು ಸುತ್ತು ರೀಮ್ ಮಾಡುವುದು ಲೇಸು. ಮೊಂಡಾದ ರೀಮರ್‌ನಿಂದ ಆ ಕೆಲಸವೇ ಬೆವರಿಳಿಸುತ್ತದೆ ಅನ್ನಿ. ಗಟ್ಟಿ ನೇಲಾದ್ದರಿಂದ ದಾರಿ ತೋರುವ ತಂತಿಯಾದ ಗೈಡ್ ವೈರ್ ಮೇಲೆ ಜಾರಿಸಲಾಗದು. ಎಷ್ಟೋ ಸಲ, ಅದರಲ್ಲೂ ವಾರಗಟ್ಟಲೆ ಹಳೆಯ ಮುರಿತಗಳಲ್ಲಿ, ಮುರಿದ ಜಾಗವನ್ನು ತೆರೆದೇ ಮೂಳೆ ಕೂಡಿಸಬೇಕು.

ಬೆಲೆ? ಈ ಸಂಸ್ಥೆಯ ಕಾರ್ಯಕ್ರಮಕ್ಕೆ ಸೇರಿದ ಆಸ್ಪತ್ರೆಗೆ ಇಂಪ್ಲಾಂಟ್ ದಾನವಾಗಿ ಬರುತ್ತದೆ. ಪ್ರತಿ ಕೇಸಿನ ವಿವರ, ಎಕ್ಸ್‌ರೇ ಅವರ ಡೇಟಾಬೇಸ್‌ಗೆ ಹಾಕಬೇಕು. ವರದಿ ನಿಂತರೆ ಹೊಸ ನೇಲ್‌ಗೂ ತತ್ವಾರ. ಫಾಲೋಅಪ್‌ಗೆ ರೋಗಿ ಕುಕ್ಕರಗಾಲಲ್ಲಿ ಕೂತು ನಗುವ ಫೋಟೊ ಕೇಳುತ್ತಾರೆ. ತಮಾಷೆಯಲ್ಲ: ಮಂಡಿ ಪೂರ್ತಿ ಮಡಚಿ, ನೋವಿಲ್ಲದೆ ಭಾರ ಹೊರುವುದು ಅದರಲ್ಲೇ ಗೊತ್ತಾಗುತ್ತದೆ. ದೂರದೂರಿನ ರೋಗಿ ಅದನ್ನು ಮೊಬೈಲಿನಲ್ಲೇ ಕಳಿಸಬಹುದು.