ಪುಟ್ಟಿಗೆ ಒಗ್ಗಿದ ಊಟ: ರಾಯಲ್ ಕ್ಯಾನಿನ್ ಲೋ ಫ್ಯಾಟ್

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಅಂಗಡಿಗೆ ಹೋಗಿ ಬರೀ "ರಾಯಲ್ ಕ್ಯಾನಿನ್ ಗ್ಯಾಸ್ಟ್ರೋಇಂಟೆಸ್ಟಿನಲ್ ಕೊಡಿ" ಅನ್ನಬೇಡಿ. "ಗ್ಯಾಸ್ಟ್ರೋಇಂಟೆಸ್ಟಿನಲ್ ಲೋ ಫ್ಯಾಟ್" ಅಂತ ಪೂರ್ತಿ ಹೆಸರು ಹೇಳಿ. ಎರಡೂ ಒಂದೇ ಕಂಪನಿಯ, ನಾಯಿಗಳಿಗೆ ಕೊಡೋ ಡ್ರೈ ಫುಡ್, ಅಂದರೆ ಒಣ ಕಾಳು. ಆದರೆ ಮೊದಲನೆಯದರಲ್ಲಿ ಕೊಬ್ಬು ಶೇ. 20ರಷ್ಟಿದೆ, ಲೋ ಫ್ಯಾಟ್‌ನಲ್ಲಿ ಶೇ. 7ರ ಆಸುಪಾಸು. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬಂದ ನಾಯಿಗೆ ಇದು ಸಣ್ಣ ವ್ಯತ್ಯಾಸ ಅಲ್ಲವೇ ಅಲ್ಲ. ನಾನು ಹೋದ ಅಂಗಡಿಯ ಹುಡುಗ "ಹೊಟ್ಟೆಗೆ ಇದೇ ಮೇಡಂ" ಅಂತ ಕೊಬ್ಬು ಜಾಸ್ತಿ ಇರೋ ಪ್ಯಾಕನ್ನೇ ಕೈಗಿಟ್ಟ. ಹಿಂದೆ ತಿರುಗಿಸಿ ಓದಿ ವಾಪಸ್ ಕೊಟ್ಟೆ.

ನಮ್ಮ ಪುಟ್ಟಿ ಡ್ಯಾಶ್‌ಹಂಡ್. 11 ವರ್ಷ. ಒಂದು ದಿನ ಬೆಳಿಗ್ಗೆಯಿಂದ ವಾಂತಿ ಶುರುವಾಯಿತು, ನೀರೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಹಾಗೇ ನಿಂತುಬಿಟ್ಟಳು. ಮೈ ಮುರೀತಿದ್ದಾಳೆ ಅನ್ನೋ ಹಾಗೆ ಕಾಣುತ್ತೆ, ಆದರೆ ಅದು ಹೊಟ್ಟೆನೋವು. ವಯಸ್ಸಾದ ನಾಯಿ ವಾಂತಿ ಮಾಡ್ತಾ ಹೀಗೆ ನಿಂತರೆ ನಾಳೆ ನೋಡೋಣ ಅಂತ ಕಾಯಬೇಡಿ, ದಯವಿಟ್ಟು.

ಡಾಕ್ಟರ್ ರಕ್ತದಲ್ಲಿ ಸಿಪಿಎಲ್ ಟೆಸ್ಟ್ (ನಾಯಿಗಳಲ್ಲಿ ಈ ಕಾಯಿಲೆ ಪತ್ತೆ ಮಾಡೋ ಪರೀಕ್ಷೆ) ಮಾಡಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಪ್ಯಾಂಕ್ರಿಯಾಟೈಟಿಸ್ ಅಂದರು. ಊಟ ಅರಗಿಸೋಕೆ ಮೇದೋಜೀರಕ ಗ್ರಂಥಿ ತಯಾರಿಸೋ ಕಿಣ್ವಗಳು ಕರುಳಿಗೆ ಹೋಗೋ ಮೊದಲೇ, ಗ್ರಂಥಿಯ ಒಳಗೇ ಕೆಲಸ ಶುರು ಮಾಡಿಬಿಡುತ್ತವಂತೆ. ಗ್ರಂಥಿಯೇ ತನ್ನನ್ನು ತಾನು ಸುಡುವ ಹಾಗೆ. ನಡುವಯಸ್ಸು ದಾಟಿದ ನಾಯಿಗಳಲ್ಲಿ ಇದು ಜಾಸ್ತಿ. ದಪ್ಪಗಿದ್ದರೆ ಇನ್ನೂ ಜಾಸ್ತಿ. ಎಷ್ಟೋ ಸಲ ಕಾರಣವೇ ಸಿಗೋದಿಲ್ಲ, ಪುಟ್ಟಿಯದೂ ಸಿಗಲಿಲ್ಲ. ಡ್ರಿಪ್, ನೋವಿನ ಇಂಜೆಕ್ಷನ್, ವಾಂತಿ ನಿಲ್ಲೋ ಔಷಧಿ ಕೊಟ್ಟರು. ದಿನಗಟ್ಟಲೆ ಉಪವಾಸ ಕೆಡವೋದು ಹಳೇ ಪದ್ಧತಿ, ವಾಂತಿ ಹತೋಟಿಗೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ತಿನ್ನಿಸಬೇಕು ಅಂದರು. ಆಗ ಬರೆದುಕೊಟ್ಟಿದ್ದೇ ಈ ಲೋ ಫ್ಯಾಟ್.

ಈಗ ಊಟದ ವಿಷಯ. ಪುಟ್ಟಿಗೆ ದವಡೆ ಹಲ್ಲು ಕೆಲವು ಬಿದ್ದಿವೆ. ಅದಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಸ್ವಲ್ಪ ಹೊತ್ತು ಬಿಡ್ತೀನಿ. ಕಾಳು ಉಬ್ಬಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಿಸುಕಿಹೋಗುತ್ತೆ. ನೆಂದ ಮೇಲೆ ವಾಸನೆಯೂ ಚೆನ್ನಾಗಿ ಏಳುತ್ತೆ. ಒಣದಾಗಿ ಇಟ್ಟಾಗ ಮೂಸಿ ಹೋಗುತ್ತಿದ್ದವಳು ನೆನೆಸಿದ್ದನ್ನು ತಟ್ಟೆ ನೆಕ್ಕಿ ಮುಗಿಸಿದಳು. ಒಂದೇ ಸಲ ಹೊಟ್ಟೆ ತುಂಬ ಕೊಡೋ ಬದಲು, ದಿನದ ಅಳತೆಯನ್ನೇ ನಾಲ್ಕು ಭಾಗ ಮಾಡಿ ಕೊಡ್ತೀನಿ. ಅಳತೆ ಡಾಕ್ಟರ್ ಹೇಳಿದ್ದು. ಪ್ಯಾಕ್ ಮೇಲಿನ ಪಟ್ಟಿಯನ್ನೇ ನಂಬಬೇಡಿ, ಕೊಬ್ಬು ಕಡಿಮೆ ಇರೋದರಿಂದ ಸಣಕಲು ನಾಯಿ ಇನ್ನೂ ಇಳಿದುಬಿಡಬಹುದು. ತಿಂಗಳಿಗೊಮ್ಮೆಯಾದರೂ ತೂಕ ನೋಡಿಸಿ.

ಮನೆಯಲ್ಲಿ ದೊಡ್ಡ ಜಗಳ ಮೊಸರನ್ನದ್ದು. ನಮ್ಮತ್ತೆಗೆ ಪುಟ್ಟಿ ಅಂದರೆ ಜೀವ. "ಪಾಪ, ವಯಸ್ಸಾದ ಜೀವ, ತಂಪಿಗೆ ಎರಡು ತುತ್ತು ಮೊಸರನ್ನ ತಿಂದರೆ ಏನಾಗುತ್ತೆ?" ಅಂತ ಕೇಳಿದರು. ಕೂರಿಸಿಕೊಂಡು ಲೆಕ್ಕ ಹೇಳಿದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಬೇರೆ ಘನ ಪದಾರ್ಥ ಶೇ. 8.5, ಉಳಿದಿದ್ದೆಲ್ಲ ನೀರು. ನೀರು ಬಿಟ್ಟು ಲೆಕ್ಕ ಹಾಕಿದರೆ ಕಾಲು ಭಾಗಕ್ಕಿಂತ ಜಾಸ್ತಿ ಕೊಬ್ಬೇ ಅಲ್ವಾ? ಮೊಸರೂ ಅದೇ ಹಾಲಿನದು. ಅತ್ತೆ ಒಪ್ಪಿದರು. ಈಗ ಅವರೇ ಕಾಳು ನೆನೆಸಿಡ್ತಾರೆ.

ಟಿನ್‌ನಲ್ಲಿ ಬರೋ ವೆಟ್ ಫುಡ್‌ಗೂ ಇದೇ ಲೆಕ್ಕ. ಯಾವುದೋ ಟಿನ್ ಮೇಲೆ ಕೊಬ್ಬು 3, ನೀರಿನಂಶ 78 ಅಂತಿದ್ದರೆ, ಆ 3 ಇರೋದು ಮಿಕ್ಕ 22ರಲ್ಲಿ. ಅಂದರೆ ಸುಮಾರು ಶೇ. 14. ಡ್ರೈ ಫುಡ್‌ನ 7ರ ಜೊತೆ ಟಿನ್‌ನ 3 ಇಟ್ಟು ಹೋಲಿಸಿದರೆ ಮೋಸ ಹೋಗ್ತೀರಿ. "ಲೈಟ್", "ಸೀನಿಯರ್" ಅಂತ ಬರೆದ ಪ್ಯಾಕುಗಳನ್ನೂ ಹೆಸರು ನೋಡಿ ತರಬೇಡಿ, ಕೊಬ್ಬಿನ ಅಂಕಿ ನೋಡಿ. ಮಾತ್ರೆಯನ್ನು ಚೀಸ್‌ನಲ್ಲಿ ಅಡಗಿಸಿ ಕೊಡೋ ಅಭ್ಯಾಸ ಇದ್ದರೆ ಅದೂ ಬೇಡ. ನೆನೆಸಿದ ಕಾಳನ್ನೇ ಉಂಡೆ ಮಾಡಿ ಒಳಗೆ ಇಟ್ಟರೆ ಸಾಕು.

ಬೆಲೆ ಜಾಸ್ತಿಯೇ. ಮಾಮೂಲಿ ಡಾಗ್ ಫುಡ್ ತರುತ್ತಿದ್ದವರಿಗೆ ಕೈ ಸುಡುತ್ತೆ. ಚರ್ಮ ತೆಗೆದ ಕೋಳಿಯ ಎದೆಭಾಗ ಬೇಯಿಸಿ, ಅನ್ನದ ಜೊತೆ ಕಲಸಿ ಕೊಡಬಹುದು, ಕೆಲವು ದಿನಕ್ಕೆ ಸರಿ. ಆದರೆ ತಿಂಗಳುಗಟ್ಟಲೆ ಅದೊಂದನ್ನೇ ಕೊಟ್ಟರೆ ಕ್ಯಾಲ್ಸಿಯಂ, ವಿಟಮಿನ್ ಸಾಲೋದಿಲ್ಲ. ಅಳೆದು ಸೇರಿಸಬೇಕು, ಅದಕ್ಕೆ ಡಾಕ್ಟರ್ ಹತ್ತಿರ ಪಟ್ಟಿ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ರಿಯಾಯಿತಿ ಸಿಗುತ್ತೆ, ಆದರೆ ಎಕ್ಸ್‌ಪೈರಿ ದಿನಾಂಕ ನೋಡಿ. ಒಬ್ಬ ಮಾರಾಟಗಾರ ಅವಧಿ ಮುಗಿಯೋಕೆ ಬಂದ ಪ್ಯಾಕ್ ಕಳಿಸಿದ್ದ.

ಪುಟ್ಟಿ ಈಗ ವಾಂತಿ ಇಲ್ಲದೆ ಇದ್ದಾಳೆ, ಗೇಟಿನ ಸದ್ದಿಗೆ ಓಡಿಬರ್ತಾಳೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಬೆಲೆಗೆ ಕಳೆದೆ. ಇದು ಡಾಕ್ಟರ್ ಹೇಳಿ ಕೊಡೋ ಊಟ. ಆರೋಗ್ಯವಾಗಿರೋ ನಾಯಿಗೆ ಸುಮ್ನೆ ತಂದು ಹಾಕಬೇಡಿ.